ಪದಚರ್ಚೆ: ರೋಮನ್ ಸಿಪಾಯಿ ಇದ್ದ ಜಾಗ ಕೋಟೆಯೋ, ದಂಡೋ, ಬೀಡೋ?

ಎಲ್ಲರಿಗೂ ನಮಸ್ಕಾರ.

ಪ್ರಶ್ನೆ ಮೊದಲು ಕೇಳಿಬಿಡುತ್ತೇನೆ. ರೋಮನ್ ಸಿಪಾಯಿಗಳು ವರ್ಷಗಟ್ಟಲೆ ಉಳಿದುಕೊಳ್ಳುತ್ತಿದ್ದ ಜಾಗಕ್ಕೆ, ಅಂದರೆ ಲ್ಯಾಟಿನ್ನಿನ ‘ಕಾಸ್ತ್ರ’ಕ್ಕೆ, ಕನ್ನಡದಲ್ಲಿ ಯಾವ ಪದ ಹೊಂದುತ್ತದೆ? ‘ಕೋಟೆ’ ಅಂತ ಬರೆದರೆ ನನಗೆ ಯಾಕೋ ಒಗ್ಗುತ್ತಿಲ್ಲ. ಇದರ ಬೆನ್ನಿಗೇ ಇನ್ನೂ ಕೆಲವು ಪದಗಳ ತಕರಾರಿದೆ, ಅವನ್ನೂ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ವಿಷಯ ಏನೆಂದರೆ, ನಾನಿರುವುದು ಇಂಗ್ಲೆಂಡಿನ ಉತ್ತರದಲ್ಲಿ, ನ್ಯೂಕಾಸಲ್ ಹತ್ತಿರ. ಕ್ರಿ.ಶ. 122ರಲ್ಲಿ ರೋಮನ್ನರು ಕಟ್ಟಲು ಶುರು ಮಾಡಿದ ಹೇಡ್ರಿಯನ್ ಗೋಡೆ ಇಲ್ಲೇ ಹಾದುಹೋಗುತ್ತದೆ. ಗೋಡೆಯ ತೆಂಕಣಕ್ಕೆ ವಿಂಡೋಲಾಂಡ ಅನ್ನುವ ಹಳೆಯ ಕಾಸ್ತ್ರದ ಜಾಗದಲ್ಲಿ ಒಂದು ಮ್ಯೂಸಿಯಂ ಇದೆ, ಅಲ್ಲಿಂದ ಪಡುವಣಕ್ಕೆ ಕಾರ್ವೊರಾನ್‌ನಲ್ಲಿ ರೋಮನ್ ಸೈನ್ಯದ್ದೇ ಇನ್ನೊಂದು. ಇಲ್ಲಿಗೆ ಬರುವ ಕನ್ನಡದ ಮನೆಗಳವರಿಗೆ ಕೈಯಲ್ಲಿ ಹಿಡಿದುಕೊಂಡು ಓದಲು ಒಂದು ಹಾಳೆ ಬರೆದುಕೊಡಿ ಅಂತ ನಮ್ಮ ಕನ್ನಡ ಬಳಗದವರು ಕೇಳಿದ್ದಾರೆ. ಊರಿಂದ ಬಂದಿರುವ ಅತ್ತೆ ಮಾವನನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಫಲಕಗಳನ್ನೆಲ್ಲ ಕನ್ನಡದಲ್ಲಿ ಹೇಳುತ್ತಾ ಹೋಗುವಾಗ ನನ್ನ ಪದಗಳು ಎಲ್ಲೆಲ್ಲಿ ಕುಂಟುತ್ತವೆ ಅನ್ನುವುದು ಚೆನ್ನಾಗಿ ಗೊತ್ತಾಯಿತು. ಮಾವ ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಪುಸ್ತಕದ ಪದ ಹೇಳಿದರೆ ‘ಅಂದ್ರೆ?’ ಅಂತ ನಿಲ್ಲಿಸಿಬಿಡುತ್ತಾರೆ.

ಮೊದಲಿಗೆ ಕೋಟೆ. ಕೋಟೆ ಅಂದ ತಕ್ಷಣ ನಮಗೆ ಚಿತ್ರದುರ್ಗ ಕಣ್ಣೆದುರಿಗೆ ಬರುತ್ತದೆ. ಬೆಟ್ಟ, ಸುತ್ತು, ಬುರುಜು, ಮುತ್ತಿಗೆ ಹಾಕಿದರೆ ಒಳಗೆ ಸೇರಿಕೊಳ್ಳುವ ಜನ. ವಿಂಡೋಲಾಂಡದಲ್ಲಿರುವುದು ಸಮತಟ್ಟು ಜಾಗದಲ್ಲಿ ಇಸ್ಪೀಟ್ ಎಲೆಯಂತೆ ಮೂಲೆ ದುಂಡಗಾದ ಒಂದು ಆಯತ. ಗೋಡೆ, ಬಾಗಿಲುಗಳು ಇವೆ, ಸರಿ. ಆದರೆ ಅದರೊಳಗೆ ಮುತ್ತಿಗೆಗೆ ಕಾದು ಕೂರುವ ಯೋಚನೆ ಇರಲಿಲ್ಲ. ಸಿಪಾಯಿಗಳು ಉಣ್ಣುವುದು, ಮಲಗುವುದು ಅಲ್ಲಿ, ಕೆಲಸ ಹೊರಗೆ. ಹಾಗಾದರೆ ‘ಶಿಬಿರ’? ಅದು ಈಗ ಬೇಸಿಗೆ ಶಿಬಿರ, ರಕ್ತದಾನ ಶಿಬಿರಗಳ ಪಾಲಾಗಿದೆ. ‘ಠಾಣೆ’ ಪೊಲೀಸರಿಗೆ ಹೋಯಿತು. ‘ಪಾಳ್ಯ’ ಒಳ್ಳೆಯ ಪದ, ಆದರೆ ಬೆಂಗಳೂರಿನವರಿಗೆ ಅದು ಬರೀ ಬಡಾವಣೆಯ ಹೆಸರು.

ಉಳಿದದ್ದು ಬೀಡು ಮತ್ತು ದಂಡು. ಬೀಡು ನನಗೆ ತುಂಬಾ ಇಷ್ಟ. ಶಾಸನಗಳಲ್ಲಿ ‘ನೆಲೆವೀಡಿನೊಳ್ ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಮಿರೆ’ ಅಂತ ಬರುತ್ತದಲ್ಲ, ದಂಡು ಬೀಡುಬಿಟ್ಟ ಜಾಗವೇ ರಾಜಧಾನಿಯಾಗಿ, ಕೊನೆಗೆ ಹಳೇಬೀಡು ಆಗಿ ಊರಿನ ಹೆಸರಲ್ಲಿ ಉಳಿದುಕೊಂಡಿತು. ಇಲ್ಲೂ ಅದೇ ಆಗಿದೆ. ‘ಕಾಸ್ತ್ರ’ವೇ ಸವೆದು ಚೆಸ್ಟರ್ ಆಯಿತು, ಮ್ಯಾಂಚೆಸ್ಟರ್, ಲ್ಯಾಂಕಾಸ್ಟರ್‌ಗಳ ಬಾಲದಲ್ಲೂ ಅದೇ ಕೂತಿದೆ. ಹೆಸರಿನ ಕತೆ ಹೇಳಲು ಬೀಡು ಹೇಳಿ ಮಾಡಿಸಿದ ಹಾಗಿದೆ. ಆದರೆ ಓದುವ ಹುಡುಗರಿಗೆ ‘ಬೀಡು’ ಅಂದರೆ ‘ಕವಿಗಳ ಬೀಡು, ಕಲೆಗಳ ನಾಡು’ ಅನ್ನುವ ಭಾಷಣದ ಪದ. ದಂಡು ಹಾಗಲ್ಲ. ಬೆಂಗಳೂರು ದಂಡು ರೈಲ್ವೆ ನಿಲ್ದಾಣ ಇವತ್ತಿಗೂ ಇದೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯ ತಂದು ಅಲ್ಲಿ ನೆಲೆಯೂರಿಸಿದಾಗ ಜನ ಆ ಜಾಗವನ್ನೇ ದಂಡು ಅಂದರು. ಸೈನ್ಯ, ಸೈನ್ಯ ಇರುವ ಜಾಗ, ಎರಡಕ್ಕೂ ಒಂದೇ ಪದ. ನನ್ನ ಒಲವು ಇದಕ್ಕೇ.

ದಂಡು ಒಪ್ಪಿಕೊಂಡರೆ ಇನ್ನೊಂದು ಲಾಭ ಇದೆ. ಈ ದಂಡುಗಳ ಗೋಡೆಯಾಚೆ ಒಂದು ಸಣ್ಣ ಊರು ಬೆಳೆಯುತ್ತಿತ್ತು, ಹೆಂಡದಂಗಡಿ, ಕಮ್ಮಾರರು, ವ್ಯಾಪಾರಿಗಳು, ಸಿಪಾಯಿಗಳ ಹೆಂಡಿರು ಮಕ್ಕಳು. ಲ್ಯಾಟಿನ್ನಲ್ಲಿ ‘ವಿಕುಸ್’. ‘ನಾಗರಿಕ ವಸಾಹತು’ ಅಂತ ನಾನು ಹೇಳಿದ್ದೇ ತಡ, ಮಾವ ‘ಪೇಟೆ ಅನ್ನಬಾರದಾ?’ ಅಂದರು. ಮುಗೀತಲ್ವಾ! ದಂಡು ಒಳಗೆ, ಪೇಟೆ ಹೊರಗೆ. ಇದಕ್ಕಿಂತ ಚೆನ್ನಾಗಿ ಕೂರುವ ಜೋಡಿ ನನಗೆ ಸಿಕ್ಕಿಲ್ಲ. ಸಿಕ್ಕಿದವರು ಹೇಳಿ.

ಇನ್ನು ದಂಡಿನ ಒಳಗೆ. ಎಂಟು ಜನ ಸಿಪಾಯಿಗಳದ್ದು ಒಂದು ಗುಂಪು. ದಂಡಯಾತ್ರೆಯಲ್ಲಿ ಮೇಕೆ ಚರ್ಮದ ಒಂದೇ ಡೇರೆ, ನೆಲೆನಿಂತಾಗ ಉದ್ದನೆಯ ಸಾಲು ಕಟ್ಟಡದಲ್ಲಿ ಹಿಂದೊಂದು ಮುಂದೊಂದು ಎರಡು ಕೋಣೆ. ಸಾಮಾನು ಮುಂದೆ, ಮಲಗುವುದು ಹಿಂದೆ. ಸಾಲಿನ ಕೊನೆಯಲ್ಲಿ ಅಧಿಕಾರಿಗೆ ದೊಡ್ಡ ಮನೆ. ಇದನ್ನು ‘ಬ್ಯಾರಕ್’ ಅಂತಲೇ ಬಿಡಬಹುದು. ಮಲೆನಾಡಿನವರಿಗೆ ಮಾತ್ರ ಅದು ನೋಡಿದ ಕೂಡಲೇ ‘ಲೈನ್‌ಮನೆ’. ಹಳೇ ಮೈಸೂರಿನವರು ‘ವಠಾರ’ ಅಂದಾರು. ಪೊಲೀಸ್ ಲೈನ್ ಅನ್ನುವ ಮಾತೂ ಇರುವುದರಿಂದ ಲೈನ್‌ಮನೆಗೇ ನನ್ನ ಓಟು. ಆದರೆ ಆ ಎಂಟು ಜನರ ಗುಂಪಿಗೆ ಏನು ಹೆಸರು? ಲ್ಯಾಟಿನ್ ಪದದ ಬೇರು ‘ಒಂದೇ ಗುಡಿಸಲಿನವರು’ ಅಂತ. ‘ಸಹವಾಸಿಗಳು’ ಅಂದರೆ ಜೈಲಿನ ವಾಸನೆ, ‘ಒಡಡೇರಿಗರು’ ಅಂತೆಲ್ಲ ಹೊಸದಾಗಿ ಕಟ್ಟುವುದು ದಯವಿಟ್ಟು ಬೇಡ. ಸುಮ್ನೆ ‘ಒಂದೇ ಒಲೆಯವರು’ ಅನ್ನೋಣವೇ? ಯಾಕೆಂದರೆ ಅವರಿಗೆ ದಂಡಿನಲ್ಲಿ ಸಾಮೂಹಿಕ ಊಟದ ಮನೆ ಇರಲಿಲ್ಲ. ಧಾನ್ಯವನ್ನು ಕಾಳಾಗಿಯೇ ಅಳೆದು ಕೊಡುತ್ತಿದ್ದರು, ಬೀಸಿಕೊಂಡು ಬೇಯಿಸಿಕೊಳ್ಳುವುದು ಅವರ ಪಾಡು. ಮ್ಯೂಸಿಯಮ್ಮಿನಲ್ಲಿ ಬೀಸುಕಲ್ಲು ನೋಡಿದಾಗ ಅತ್ತೆಗೆ ಫಲಕವೇ ಬೇಕಾಗಲಿಲ್ಲ.

ಅಧಿಕಾರಿಗೆ, ಅಂದರೆ ಸೆಂಚೂರಿಯನ್‌ಗೆ, ಕನ್ನಡ ಬೈಬಲ್ಲಿನಲ್ಲಿ ‘ಶತಾಧಿಪತಿ’ ಅಂತ ಇದೆ. ಪದ ನಿಂತುಬಿಟ್ಟಿದೆ, ಅಲುಗಾಡಿಸುವುದು ಬೇಡ. ಒಂದೇ ತೊಂದರೆ, ಅವನ ಕೈಕೆಳಗೆ ಇದ್ದದ್ದು ಎಂಬತ್ತೇ ಜನ. ಎಂಟು ಜನರ ಹತ್ತು ಗುಂಪು. ‘ಶತ’ ಅಂದ ಮೇಲೆ ಓದುವವರು ನೂರು ಅಂತಲೇ ಎಣಿಸುತ್ತಾರೆ. ಹಾಗಾಗಿ ಹಾಳೆಯಲ್ಲಿ ಒಂದು ಸಾಲು ಸೇರಿಸಬೇಕು. ಅವನ ಕೈಯಲ್ಲಿ ಸದಾ ದ್ರಾಕ್ಷಿ ಬಳ್ಳಿಯ ಕೋಲು. ಲುಸಿಲಿಯಸ್ ಅಂತ ಒಬ್ಬನಿದ್ದನಂತೆ, ಸಿಪಾಯಿಗಳ ಬೆನ್ನ ಮೇಲೆ ಕೋಲು ಮುರಿಯುವ ತನಕ ಹೊಡೆದು ‘ಇನ್ನೊಂದು ತಾ’ ಅನ್ನುತ್ತಿದ್ದನಂತೆ, ಅದೇ ಅವನ ಅಡ್ಡಹೆಸರಾಯಿತು. ಕ್ರಿ.ಶ. 14ರ ದಂಗೆಯಲ್ಲಿ ಸಿಪಾಯಿಗಳು ಅವನನ್ನು ಕೊಂದೇಬಿಟ್ಟರು ಅಂತ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಮಾವ ಕೇಳಿ, ‘ಇವನು ಅಧಿಪತಿ ಅಲ್ಲ, ಮೇಸ್ತ್ರಿ’ ಅಂದರು. ತಮಾಷೆಗೆ ಅಂದದ್ದು, ಆದರೆ ಮೇಸ್ತ್ರಿ ಪೋರ್ಚುಗೀಸರಿಂದ ಬಂದ ಪದ, ಅದರ ಮೂಲ ಲ್ಯಾಟಿನ್ನಿನ ‘ಮಗಿಸ್ತೆರ್’. ಪೂರ್ತಿ ಹೊರಗಿನವನೇನಲ್ಲ ನಮ್ಮ ಮೇಸ್ತ್ರಿ!

ಇದೇ ಸಾಲಿಗೆ ಕಕ್ಕಸು. 2014ರಲ್ಲಿ ಇಲ್ಲಿ ಮರದ ಒಂದು ಕಕ್ಕಸಿನ ಸೀಟು ಸಿಕ್ಕಿತು, ಗಾಳಿಯಾಡದ ತೇವದ ಮಣ್ಣಲ್ಲಿ ಹಾಗೇ ಉಳಿದಿತ್ತು. ‘ಶೌಚಪೀಠ’ ಅಂತ ಬರೆಯಲು ಕೈ ಬರುವುದಿಲ್ಲ. ಕಕ್ಕಸು ಡಚ್ಚರ ‘ಕಾಕ್‌ಹೌಸ್’ನಿಂದ ಬಂದದ್ದು ಅನ್ನುತ್ತಾರೆ. ವಿಂಡೋಲಾಂಡದಲ್ಲಿದ್ದ ಬಟೇವಿಯನ್ ಸಿಪಾಯಿಗಳ ಊರು ಇವತ್ತಿನ ನೆದರ್ಲೆಂಡ್ಸ್. ಇಷ್ಟಾದ ಮೇಲೆ ಬೇರೆ ಪದ ಹುಡುಕುವುದು ಅನ್ಯಾಯ.

ಈಗ ಅಸಲು ಸರಕಿಗೆ ಬರುತ್ತೇನೆ. ವಿಂಡೋಲಾಂಡಕ್ಕೆ ಹೆಸರು ಬಂದದ್ದೇ 1973ರಿಂದ ಸಿಗತೊಡಗಿದ ಮರದ ಓಲೆಗಳಿಂದ. ಪೋಸ್ಟ್‌ಕಾರ್ಡಿನಷ್ಟು ಅಗಲ, ಒಂದೆರಡು ಮಿಲಿಮೀಟರ್ ದಪ್ಪ, ಮೇಲೆ ಶಾಯಿಯ ಬರಹ. ‘ಫಲಕ’, ‘ಹಲಗೆ’ ಎರಡೂ ಇದಕ್ಕೆ ಭಾರವಾಗುತ್ತವೆ. ಓಲೆ ಅಂದರೆ ತಾಳೆಗರಿ ನೆನಪಾಗುತ್ತದೆ ನಿಜ, ಆದರೆ ಓಲೆ ಅಂದರೆ ಪತ್ರ ಅಂತಲೂ ಇದೆಯಲ್ಲ, ಹಾಗಾಗಿ ‘ಮರದ ಓಲೆ’ ಅಂತ ಇಟ್ಟುಕೊಂಡಿದ್ದೇನೆ. ಹೆಚ್ಚಿನವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ, ಕೆಲವನ್ನು ಇಲ್ಲಿ ತಂದಿಟ್ಟಿದ್ದಾರೆ.

ಅದರಲ್ಲಿ ಒಂದು ಹಾಜರಿ ಪಟ್ಟಿ. ಈಗಿನ ಬೆಲ್ಜಿಯಂ ಕಡೆಯವರಾದ ತುಂಗ್ರಿಯನ್ನರ ಮೊದಲನೇ ತುಕಡಿಯದ್ದು, ಮೇ 18ರ ಲೆಕ್ಕ. ಒಟ್ಟು 752 ಜನ. ಅದರಲ್ಲಿ 456 ಜನ ಜಾಗದಲ್ಲಿಲ್ಲ. ಇರುವ 296ರಲ್ಲಿ 15 ಜನಕ್ಕೆ ಕಾಯಿಲೆ, 6 ಜನಕ್ಕೆ ಗಾಯ, 10 ಜನಕ್ಕೆ ಕಣ್ಣಿನ ತೊಂದರೆ. ಕೆಲಸಕ್ಕೆ ಸಿಗುವವರು 265. ಮಾವ ಮನಸ್ಸಲ್ಲೇ ಕೂಡಿ ಕಳೆದು ‘ಲೆಕ್ಕ ಸರಿ ಇದೆ’ ಅಂತ ಪಾಸು ಮಾಡಿದರು. ಇಲ್ಲಿ ಎರಡು ಪದದ ಪ್ರಶ್ನೆ. ಆ 456 ಜನರನ್ನು ‘ಗೈರುಹಾಜರು’ ಅಂದರೆ ಚಕ್ಕರ್ ಹೊಡೆದವರು ಅಂತ ಆಗುತ್ತದೆ. ಅವರು ಹೋದದ್ದು ಬೇರೆ ಕಡೆ ಕೆಲಸದ ಮೇಲೆ, 337 ಜನ ಕೋರಿಯ ಅನ್ನುವ ಪಕ್ಕದ ದಂಡಿಗೆ, 46 ಜನ ಗವರ್ನರನ ಕಾವಲಿಗೆ. ನಮ್ಮ ಸರ್ಕಾರಿ ನೌಕರರು ‘ಓಓಡಿ’ ಅನ್ನುತ್ತಾರಲ್ಲ, ಅದು. ‘ಹೊರಗೆಲಸದ ಮೇಲೆ’ ಅಂತ ಬರೆದಿದ್ದೇನೆ. ಕಣ್ಣಿನವರಿಗೆ ಇಂಗ್ಲಿಷ್ ಫಲಕಗಳಲ್ಲಿ ‘ಉರಿಯೂತ’ದ ಅರ್ಥದ ಪದ ಹಾಕುತ್ತಾರೆ. ನಮ್ಮಲ್ಲಿ ‘ಕಣ್ಣುಬೇನೆ’ ಇದ್ದೇ ಇದೆ. ಉತ್ತರ ಕರ್ನಾಟಕದವರು ‘ಕಣ್ಣ ಬಂದಾವ’ ಅನ್ನುತ್ತಾರೆ, ಹತ್ತು ಜನಕ್ಕೆ ಒಟ್ಟಿಗೆ ಅಂದರೆ ಅದೇ ಇರಬೇಕು.

ಇನ್ನೊಂದು ಓಲೆಯಲ್ಲಿ ಸ್ಥಳೀಯರನ್ನು ‘ಬ್ರಿತ್ತುಂಕುಲಿ’ ಅಂತ ಹೀಯಾಳಿಸಿದ್ದಾರೆ. ಬ್ರಿಟನ್ನರು ಅನ್ನುವ ಪದವನ್ನೇ ಕುಗ್ಗಿಸಿದ ರೂಪ. ನಮ್ಮಲ್ಲಿ ಹಾಗೆ ಬಾಲ ಹಚ್ಚಿ ಕುಗ್ಗಿಸುವ ಪ್ರತ್ಯಯ ಇಲ್ಲ. ಆದರೆ ‘ಪುಡಿ ರೌಡಿ’ ಇದೆ. ‘ಪುಡಿ ಬ್ರಿಟನ್ನರು’ ಹೇಗೆ? ಒಬ್ಬನಿಗೆ ಬಂದ ಪಾರ್ಸೆಲ್ಲಿನ ಓಲೆಯೂ ಇದೆ: ಇಷ್ಟು ಜೊತೆ ಕಾಲುಚೀಲ, ಎರಡು ಜೊತೆ ಚಪ್ಪಲಿ, ಎರಡು ಒಳಉಡುಪು. ಕಾಲುಚೀಲ, ಚಪ್ಪಲಿ ಸರಾಗ. ಒಳಉಡುಪನ್ನು ಚಡ್ಡಿ ಅನ್ನಲೋ ಲಂಗೋಟಿ ಅನ್ನಲೋ? ಲ್ಯಾಟಿನ್ ಪದದಲ್ಲಿ ‘ಕೆಳಗೆ ಕಟ್ಟಿಕೊಳ್ಳುವುದು’ ಅನ್ನುವ ಅರ್ಥ ಇರುವುದರಿಂದ ಲಂಗೋಟಿ ಅಂದಿದ್ದೇನೆ. ಮಾಸ್ಕ್ಲುಸ್ ಅನ್ನುವ ಅಧಿಕಾರಿ ಬರೆದ ಪತ್ರದಲ್ಲಿ ‘ನನ್ನ ಜೊತೆ ಸಿಪಾಯಿಗಳಿಗೆ ಬಿಯರ್ ಇಲ್ಲ, ಕಳಿಸಲು ಹೇಳಿ’ ಅಂತಿದೆ. ಅದನ್ನು ‘ನಮ್ಮ ಹುಡುಗರ ಹತ್ತಿರ ಬಿಯರ್ ಖಾಲಿ’ ಅಂತ ಮಾಡಿದೆ, ಇದಕ್ಕೆ ಚರ್ಚೆ ಬೇಡ.

ಚರ್ಚೆ ಬೇಡದ ಇನ್ನೊಂದು, ಆದರೆ ಹೇಳದೆ ಇರಲಾರೆ. ಗಂಬಾಕ್ಸ್ ಅನ್ನುವವನ ಲೆಕ್ಕದಲ್ಲಿ ಎರಡು ದೆನಾರಿಯಸ್‌ಗೆ (ರೋಮನ್ನರ ಬೆಳ್ಳಿ ನಾಣ್ಯ) ಮೆಣಸು ಅಂತ ಬರೆದಿದೆ. ‘ಪಿಪೆರ್’. ಈ ಪದ ನಮ್ಮ ಹಿಪ್ಪಲಿಯ ನೆಂಟ, ದೆನಾರಿಯಸ್ ನಮ್ಮ ದೀನಾರ. ಕರಿಮೆಣಸು ಆಗ ಹೋಗುತ್ತಿದ್ದದ್ದು ನಮ್ಮ ಪಡುವಣ ಕರಾವಳಿಯ ಮಲಬಾರಿನಿಂದ. ಅತ್ತ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ಮಣ್ಣಲ್ಲಿ ಅಗಸ್ಟಸ್, ಟೈಬೀರಿಯಸ್ ಕಾಲದ ದೆನಾರಿಯಸ್‌ಗಳೇ ಸಿಕ್ಕಿವೆ. ಇಲ್ಲಿ ಮೆಣಸು ಕೊಂಡ ಸಿಪಾಯಿಗೆ ಅದು ಎಲ್ಲಿ ಬೆಳೆಯುತ್ತದೆ ಅಂತ ಗೊತ್ತಿತ್ತೋ ಇಲ್ಲವೋ.

ಕೊನೆಯದೇ ನನಗೆ ಜಾಸ್ತಿ ಕಾಡುತ್ತಿರುವುದು. ಕ್ರಿ.ಶ. 100ರ ಆಸುಪಾಸಿನ ಒಂದು ಓಲೆ. ಕ್ಲಾಡಿಯಾ ಸೆವೆರಾ ಅನ್ನುವವಳು ವಿಂಡೋಲಾಂಡದ ಮುಖ್ಯಾಧಿಕಾರಿಯ ಹೆಂಡತಿ ಸುಲ್ಪಿಸಿಯಾ ಲೆಪಿಡಿನಾಗೆ ಬರೆದದ್ದು. ಸೆಪ್ಟೆಂಬರ್ 11ಕ್ಕೆ ನನ್ನ ಹುಟ್ಟಿದಹಬ್ಬ, ನೀನು ಬರಲೇಬೇಕು, ಬಂದರೆ ಆ ದಿನ ನನಗೆ ಇನ್ನೂ ಖುಷಿ ಅಂತ. ಬಹುಪಾಲು ಬರೆದದ್ದು ಬರಹಗಾರ, ಕೊನೆಯ ನಾಲ್ಕು ಮಾತು ಮಾತ್ರ ಅವಳದೇ ಕೈಬರಹ. ಹೆಂಗಸೊಬ್ಬಳು ಲ್ಯಾಟಿನ್ನಲ್ಲಿ ತಾನೇ ಬರೆದು ನಮಗೆ ಉಳಿದಿರುವ ತೀರಾ ಹಳೆಯ ಬರಹಗಳಲ್ಲಿ ಇದೊಂದು. ಅದರಲ್ಲಿ ‘ಸೊರೋರ್’, ಅಂದರೆ ಒಡಹುಟ್ಟಿದವಳೇ, ಅಂತ ಮತ್ತೆ ಮತ್ತೆ ಕರೆಯುತ್ತಾಳೆ. ಒಡಹುಟ್ಟಿದವರಲ್ಲ, ಆಪ್ತರು, ಇಬ್ಬರ ಗಂಡಂದಿರೂ ದಂಡಿನ ಅಧಿಕಾರಿಗಳು.

ಅತ್ತೆ ಕೇಳಿದ್ದು ಒಂದೇ ಮಾತು: ‘ಅಕ್ಕನೋ ತಂಗಿಯೋ?’ ಲ್ಯಾಟಿನ್ ಅದನ್ನು ಹೇಳುವುದಿಲ್ಲ. ಕನ್ನಡ ಹೇಳದೆ ಬಿಡುವುದಿಲ್ಲ. ‘ಸಹೋದರಿ’ ಅಂದರೆ ಸಭೆಯ ಭಾಷಣ, ‘ಗೆಳತಿ’ ಅಂದರೆ ಅವಳು ಬೇಕೆಂದೇ ಕರೆದ ನಂಟು ಹೋಗುತ್ತದೆ. ಅಕ್ಕ ಅಂದರೆ ‘ಬನ್ನಿ’ ಅನ್ನಬೇಕೋ ‘ಬಾ’ ಅನ್ನಬೇಕೋ, ಅದು ಇನ್ನೊಂದು ರಗಳೆ. ಕೆಳಗೆ ‘ನನ್ನ ಏಲಿಯಸ್ ಮತ್ತು ಪುಟ್ಟ ಮಗ ನಿನ್ನನ್ನು ಕೇಳಿದ್ದಾರೆ’ ಅನ್ನುವ ಅರ್ಥದ ಸಾಲಿದೆ. ‘ನಮ್ಮನೆಯವರೂ ಪುಟ್ಟನೂ ನಿನ್ನನ್ನು ಕೇಳಿದರು ಅಂತ ಹೇಳಲು ಹೇಳಿದ್ದಾರೆ’ ಅಂತ ಅತ್ತೆ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು ಅಂದರೆ, ನಾನು ಹಾಗೇ ಬರೆದುಕೊಂಡೆ. ಆದರೆ ಗಂಡನ ಹೆಸರು ಹಿಡಿದು ಬರೆದದ್ದನ್ನು ನಾವು ‘ನಮ್ಮನೆಯವರು’ ಮಾಡಿದರೆ ಅವಳ ಸಲಿಗೆಯನ್ನು ಅಳಿಸಿದಂತೆ ಆಗುತ್ತದಲ್ಲವೇ ಅನ್ನುವ ಅನುಮಾನ ಇನ್ನೂ ಇದೆ. ‘ನಮ್ಮ ಏಲಿಯಸ್’ ಅಂತಲೇ ಇಡುವ ಮನಸ್ಸು.

ಸದ್ಯಕ್ಕೆ ‘ಅಕ್ಕಾ’ ಅಂತ ಹಾಕಿ ಏಕವಚನದಲ್ಲೇ ಬರೆದಿದ್ದೇನೆ, ಧಾರವಾಡದ ಕಡೆ ಅಕ್ಕನಿಗೆ ‘ಬಾ’ ಅನ್ನುವುದು ಸಹಜ ಅನ್ನುವ ಧೈರ್ಯದಲ್ಲಿ. ಆ ಕಡೆಯವರು ಯಾರಾದರೂ ಹೌದೋ ಅಲ್ಲವೋ ಹೇಳಿ. ದಂಡು–ಪೇಟೆಗೆ ಆಕ್ಷೇಪ ಇದ್ದವರೂ ಬೇಗ ಬರೆಯಿರಿ, ಹಾಳೆ ಅಚ್ಚಿಗೆ ಹೋಗುವುದಿದೆ.