ಮೊದಲ 20 ಟನ್ ಎಕ್ಸ್‌ಕವೇಟರ್ ಕೊಳ್ಳುವಾಗ ಏನನ್ನು ನೋಡಬೇಕು?

ಪ್ರಶ್ನೆ: ಅರಸೀಕೆರೆಯ ಕಡೆ ಎಂಟು ವರ್ಷಗಳಿಂದ ಜೆಸಿಬಿ ಇಟ್ಟುಕೊಂಡು ಕೃಷಿ ಹೊಂಡ, ಪಾಯದ ಕೆಲಸ ಮಾಡಿಸುತ್ತಿದ್ದೇನೆ. ಈಗ ಸಾಲ ಮಾಡಿ 20 ಟನ್ ವರ್ಗದ ಹೊಸ ಚೈನ್ ಯಂತ್ರವನ್ನು, ಅಂದರೆ ಕಂಪನಿ ಯಾವುದಾದರೂ ನಮ್ಮವರು ಹಿಟಾಚಿ ಎಂದೇ ಕರೆಯುವ ಯಂತ್ರವನ್ನು, ಕೊಳ್ಳಬೇಕೆಂದಿದ್ದೇನೆ. ಮಾರಾಟದವರು ಪಟ್ಟಿ ಮಾಡುವ ಸೌಲಭ್ಯಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವುದು ಯಾವುದೆಂದು ಬಳಸಿದವರು ದಯವಿಟ್ಟು ತಿಳಿಸಬೇಕು.

ಹಾಸನದ ಗುತ್ತಿಗೆದಾರರೊಬ್ಬರ ಉತ್ತರ: ಹನ್ನೊಂದು ವರ್ಷಗಳಿಂದ ಇಂಥ ಯಂತ್ರಗಳನ್ನು ನಡೆಸುತ್ತಿರುವ ನನ್ನ ಅನುಭವದಲ್ಲಿ, ಅಶ್ವಶಕ್ತಿ ಮತ್ತು ಬಕೆಟ್ಟಿನ ಅಳತೆಯನ್ನು ಕೊನೆಗೆ ನೋಡಿದರೆ ಸಾಕು, ಒಂದೇ ವರ್ಗದ ಯಂತ್ರಗಳಲ್ಲಿ ಅವು ಹೆಚ್ಚುಕಡಿಮೆ ಸಮನಾಗಿರುತ್ತವೆ. ಮೊದಲು ನೋಡಬೇಕಾದದ್ದು ಹೈಡ್ರಾಲಿಕ್ ವ್ಯವಸ್ಥೆಯನ್ನು. ಬೂಮ್ (ಯಂತ್ರಕ್ಕೆ ಸೇರಿದ ದೊಡ್ಡ ತೋಳು), ಆರ್ಮ್ (ಅದರ ತುದಿಯ ಚಿಕ್ಕ ತೋಳು), ಬಕೆಟ್, ಚೈನ್ ಎಲ್ಲಕ್ಕೂ ಎಂಜಿನ್ನಿನ ಬಲ ತಲುಪುವುದು ಪಂಪ್ ಒತ್ತುವ ಎಣ್ಣೆಯ ಮೂಲಕವೇ. ತುಂಬಿದ ಬಕೆಟ್ಟಿನೊಂದಿಗೆ ಬೂಮ್ ಎತ್ತುತ್ತಲೇ ಯಂತ್ರವನ್ನು ತಿರುಗಿಸಿ ನೋಡಿ: ಎರಡು ಚಲನೆಗಳೂ ತಡವರಿಸದೆ ಒಟ್ಟಿಗೆ ಸಾಗಬೇಕು. ಟಿಪ್ಪರ್ ತುಂಬುವ ವೇಗ ಅಲ್ಲಿ ಗೊತ್ತಾಗುತ್ತದೆ.

ನಿಮ್ಮ ಸೀಮೆಯಲ್ಲಿ ನಾಲ್ಕಡಿ ಅಗೆದರೆ ಬಂಡೆ ಸಿಗುವ ಜಾಗಗಳಿವೆಯಾದ್ದರಿಂದ ಬಕೆಟ್ಟಿನ ಜಾಗದಲ್ಲಿ ಬಂಡೆ ಒಡೆಯುವ ಬ್ರೇಕರ್ ಹಾಕದೆ ವಿಧಿಯಿಲ್ಲ. ಅದಕ್ಕೆ ಬೇಕಾದ ಎಣ್ಣೆಯ ಪೈಪುಗಳು ಕಾರ್ಖಾನೆಯಿಂದಲೇ ಜೋಡಣೆಯಾಗಿ ಬರಲಿ ಎಂದು ಒತ್ತಿ ಹೇಳುತ್ತೇನೆ. ನಾನು ಮೊದಲ ಯಂತ್ರ ಕೊಂಡಾಗ ಆ ಖರ್ಚನ್ನು ಉಳಿಸಲು ಹೋಗಿ, ಆಮೇಲೆ ಹೊರಗಿನ ವರ್ಕ್‌ಶಾಪಿನಲ್ಲಿ ಪೈಪ್ ಹಾಕಿಸಿದೆ. ಒಳಗೆ ಉಳಿದಿದ್ದ ವೆಲ್ಡಿಂಗ್ ಚೂರುಗಳು ಎಣ್ಣೆಯೊಂದಿಗೆ ಸುತ್ತಿ ಪಂಪನ್ನು ಕೆಡಿಸಿದವು. ಮಳೆಗೆ ಮುಂಚಿನ, ಕೆಲಸ ಕೈತುಂಬ ಇರುವ ದಿನಗಳಲ್ಲಿ ಯಂತ್ರ 19 ದಿನ ನಿಂತಿತು, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಪೈಪುಗಳು ಸರಿಯಾಗಿದ್ದರೂ ಬ್ರೇಕರ್ ಕೆಲಸದಲ್ಲಿ ಎಣ್ಣೆ ಬೇಗ ಬಿಸಿಯಾಗಿ ಕೆಡುತ್ತದೆ. ಆದ್ದರಿಂದ ಹೈಡ್ರಾಲಿಕ್ ಎಣ್ಣೆ ಮತ್ತು ಫಿಲ್ಟರನ್ನು ಬರಿಯ ಮಣ್ಣಿನ ಕೆಲಸಕ್ಕಿಂತ ಬೇಗ ಬದಲಿಸಬೇಕಾಗುತ್ತದೆ. ಎಷ್ಟು ಗಂಟೆಗೆ ಎಂಬುದನ್ನು ಕೈಪಿಡಿಯಲ್ಲಿ ಓದಿ, ಆ ಖರ್ಚನ್ನೂ ಬಾಡಿಗೆಯ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಡೀಸೆಲ್ಲಿನ ವಿಷಯದಲ್ಲಿ ಎರಡು ಸೌಲಭ್ಯಗಳು ನಿಜಕ್ಕೂ ಹಣ ಉಳಿಸುತ್ತವೆ. ಲಿವರ್ ಮುಟ್ಟದೆ ಕೆಲವು ಸೆಕೆಂಡು ಕಳೆದರೆ ಎಂಜಿನ್ನಿನ ವೇಗ ತಾನಾಗಿ ಇಳಿಯುವುದು ಒಂದು. ಹಗುರ ಕೆಲಸಕ್ಕೆ ಮಿತವ್ಯಯದ ಮೋಡ್ ಇರುವುದು ಇನ್ನೊಂದು. ಗಂಟೆಗೆ 2 ಲೀಟರ್ ಉಳಿದರೂ ವರ್ಷಕ್ಕೆ 2000 ಗಂಟೆ ಓಡುವ ಯಂತ್ರದಲ್ಲಿ ಅದು 4000 ಲೀಟರ್ ಆಗುತ್ತದೆ. ಯಂತ್ರ ಎಲ್ಲಿದೆ, ಎಷ್ಟು ಗಂಟೆ ದುಡಿಯಿತು, ಎಷ್ಟು ಹೊತ್ತು ಸುಮ್ಮನೆ ಓಡಿತು ಎಂಬುದನ್ನು ಮೊಬೈಲಿಗೆ ಕಳುಹಿಸುವ ವ್ಯವಸ್ಥೆಯೂ, ದೂರದ ಸೈಟಿಗೆ ಯಂತ್ರ ಕಳುಹಿಸುವವರಿಗೆ, ಕೊಟ್ಟ ಹಣಕ್ಕೆ ತಕ್ಕದ್ದು.

ಚೈನಿನ ಪಟ್ಟಿಯ ಅಗಲವನ್ನು ನೆಲ ನೋಡಿ ಆರಿಸಬೇಕು. ಸಾಮಾನ್ಯವಾಗಿ ಬರುವ 600 ಮಿ.ಮೀ. ಪಟ್ಟಿ ಕಲ್ಲುನೆಲಕ್ಕೆ ಸಾಕು. ಕೆರೆಯ ಹೂಳಿನಂಥ ಮೆತ್ತನೆಯ ನೆಲಕ್ಕೆ ಅಗಲದ್ದು ಬೇಕು, ಆದರೆ ಬಂಡೆಯ ಮೇಲೆ ಅದು ಬೇಗ ಬಾಗುತ್ತದೆ.

ಆಪರೇಟರ್ ಒಬ್ಬರು ಸೇರಿಸಿದ್ದು: ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಕ್ಯಾಬಿನ್ನಿನ ಮಾತು ಬಿಟ್ಟುಹೋಗಿದೆ. ದಿನಕ್ಕೆ ಹತ್ತು ಗಂಟೆ ಕೂರುವ ನಮಗೆ ಎ.ಸಿ. ಮತ್ತು ಅದುರು ತಡೆಯುವ ಸೀಟು ಆಡಂಬರವಲ್ಲ. ಬೆನ್ನು ನೋಯುವವನ ಕೈಯಲ್ಲಿ ಲಿವರ್ ಹದವಾಗಿ ಆಡುವುದಿಲ್ಲ. ಕಲ್ಲು ಬೀಳುವ ಕಡೆ ಕೆಲಸವಿದ್ದರೆ ಕ್ಯಾಬಿನ್ನಿನ ಮೇಲೆ ರಕ್ಷಣಾ ಜಾಲರಿಯನ್ನು ಕೇಳಿ ಹಾಕಿಸಿ. ಹಿಂದಿನ ಕ್ಯಾಮೆರಾ ಇಲ್ಲದ ಯಂತ್ರವನ್ನು ದಯವಿಟ್ಟು ಕೊಳ್ಳಬೇಡಿ, ಏಕೆಂದರೆ ಹಿಂಬದಿಯ ತೂಕದ ಬಳಿ ನಿಂತ ಸಹಾಯಕ ನಮಗೆ ಕಾಣುವುದೇ ಇಲ್ಲ. ಫಿಲ್ಟರುಗಳು ನೆಲದಲ್ಲಿ ನಿಂತೇ ಕೈಗೆಟುಕುವಂತಿದ್ದರೆ ಬೆಳಗಿನ ತಪಾಸಣೆ ತಪ್ಪುವುದಿಲ್ಲ.

ಮುಂಗಡ ಕೊಡುವ ಮೊದಲು ಯಂತ್ರವನ್ನು ನಿಮ್ಮದೇ ಸೈಟಿಗೆ ತರಿಸಿ, ನಿಮ್ಮದೇ ಆಪರೇಟರನ್ನು ಒಂದಿಡೀ ದಿನ ಕೂರಿಸಿ. ಬೆಳಿಗ್ಗೆ ಟ್ಯಾಂಕನ್ನು ಬಾಯಿತನಕ ತುಂಬಿಸಿ, ಸಂಜೆ ಮತ್ತೆ ಅಷ್ಟೇ ತುಂಬಿಸಿ, ಹಿಡಿದ ಲೀಟರನ್ನು, ಯಂತ್ರ ಆ ದಿನ ಓಡಿತೆಂದು ಮೀಟರ್ ತೋರಿಸುವ ಗಂಟೆಯಿಂದ ಭಾಗಿಸಿ. ತುಂಬಿದ ಟಿಪ್ಪರುಗಳ ಲೆಕ್ಕವನ್ನೂ ಪಕ್ಕದಲ್ಲಿ ಬರೆದಿಡಿ.