ಹೊರಗಿನ ಮೈಕ್ ಹಾಕಿದರೂ ದನಿ ಕ್ಷೀಣವಾಗಿಯೇ ದಾಖಲಾಗುತ್ತಿದೆ, ಏನು ಮಾಡಬೇಕು?

ಪ್ರಶ್ನೆ

ನಮಸ್ಕಾರ. ನಾನು ನಿವೃತ್ತ ಕನ್ನಡ ಅಧ್ಯಾಪಕ. ದೃಷ್ಟಿದೋಷವುಳ್ಳ ಪಿಯುಸಿ ವಿದ್ಯಾರ್ಥಿಗಳಿಗಾಗಿ ಪಠ್ಯದ ಪಾಠಗಳನ್ನು ಓದಿ, ಧ್ವನಿಮುದ್ರಿಸಿ ಕೊಡುವ ಕೆಲಸವನ್ನು ಎರಡು ತಿಂಗಳಿಂದ ಮಾಡುತ್ತಿದ್ದೇನೆ. ಲ್ಯಾಪ್‌ಟಾಪಿನೊಳಗಿನ ಮೈಕ್ ಸಾಲದೆಂದು ಅಂಗಿಗೆ ಸಿಕ್ಕಿಸಿಕೊಳ್ಳುವ ಕಾಲರ್ ಮೈಕ್ ಒಂದನ್ನು ಕೊಂಡೆ. ಆದರೆ ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ ಮುದ್ರಿಸಿದಾಗ ಅಲೆಯ ಗೆರೆ ದಾರದಷ್ಟು ತೆಳ್ಳಗೆ ಕಾಣುತ್ತದೆ. ನನ್ನ ಏರುದನಿ ಕೂಡ -36 ಡೆಸಿಬೆಲ್ ದಾಟುವುದಿಲ್ಲ (ಅದರ ಅಳತೆಯಲ್ಲಿ ಸೊನ್ನೆಯೇ ಗರಿಷ್ಠ). 'ಆಂಪ್ಲಿಫೈ' ಬಳಸಿ ಏರಿಸಿದರೆ ನನ್ನ ದನಿಯ ಜೊತೆಯಲ್ಲಿಯೇ ಲ್ಯಾಪ್‌ಟಾಪಿನ ಫ್ಯಾನು, ಬೀದಿಯ ಆಟೋ, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಲ್ಲವೂ ಎದ್ದು ಬರುತ್ತವೆ. ವಿಚಿತ್ರವೆಂದರೆ, ಇದೇ ಮೈಕನ್ನು ನನ್ನ ಹಳೆಯ ಮೊಬೈಲಿಗೆ ಚುಚ್ಚಿದರೆ ದನಿ ಚೆನ್ನಾಗಿಯೇ ಬರುತ್ತದೆ. ಲ್ಯಾಪ್‌ಟಾಪ್ ಸುಮಾರು ಹತ್ತು ವರ್ಷ ಹಳೆಯದು, ವಿಂಡೋಸ್ 10 ಇದೆ. ಪಕ್ಕದಲ್ಲಿ ಹೆಡ್‌ಫೋನಿಗೊಂದು, ಮೈಕಿಗೊಂದು ಎಂದು ಎರಡು ತೂತುಗಳಿವೆ. ಈಗಾಗಲೇ ಹನ್ನೊಂದು ಪಾಠಗಳು ಹೀಗೆಯೇ ಮುದ್ರಣವಾಗಿವೆ. ಮೈಕ್ ಕೆಟ್ಟಿದೆಯೋ, ನನ್ನ ದನಿಯೇ ಕುಗ್ಗಿದೆಯೋ ತಿಳಿಯದಾಗಿದೆ.

ಉತ್ತರ 1

ನಮಸ್ಕಾರ ಸರ್. ಮೊದಲು ವಿಂಡೋಸಿನ ಮಟ್ಟಗಳನ್ನು ನೋಡಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಸೌಂಡ್' ತೆರೆದು, 'ರೆಕಾರ್ಡಿಂಗ್' ಪಟ್ಟಿಯಲ್ಲಿ ನಿಮ್ಮ ಮೈಕಿನ 'ಪ್ರಾಪರ್ಟೀಸ್'ಗೆ ಹೋಗಿ 'ಲೆವೆಲ್ಸ್' ಒತ್ತಿದರೆ ಅಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳಿರುತ್ತವೆ. ಮೇಲಿನದು 0ರಿಂದ 100ರವರೆಗಿನ ಮಟ್ಟ. ಕೆಳಗಿನದು 'ಮೈಕ್ರೊಫೋನ್ ಬೂಸ್ಟ್', ಅದು ಬಹುತೇಕ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ 0, +10, +20, +30 ಡೆಸಿಬೆಲ್ ಎಂಬ ಮೆಟ್ಟಿಲುಗಳಲ್ಲಿ ಏರುತ್ತದೆ. ಅನೇಕರು ಮೇಲಿನದನ್ನು ಮಾತ್ರ ನೋಡಿ, ನೂರಕ್ಕೆ ನೂರು ಇದೆಯಲ್ಲ ಎಂದು ಸುಮ್ಮನಾಗುತ್ತಾರೆ. ಬೂಸ್ಟನ್ನು +10ಕ್ಕೆ ಇಟ್ಟು ನೋಡಿ, ಸಾಲದಿದ್ದರೆ +20. ಅದಕ್ಕಿಂತ ಮೇಲೆ ಹೋದರೆ ಸುಂಯ್ ಎಂಬ ಸದ್ದು ಪಾಠಕ್ಕಿಂತ ಮೊದಲು ಕೇಳಿಸುತ್ತದೆ.

ಎರಡನೆಯದು ದೂರ. ತೆರೆದ ಜಾಗದಲ್ಲಿ ಬಾಯಿಗೂ ಮೈಕಿಗೂ ನಡುವಿನ ಅಂತರ ಅರ್ಧವಾದರೆ ಮೈಕಿಗೆ ಬೀಳುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಒಂದು ಮೊಳ ಕೆಳಗೆ ಹೊಟ್ಟೆಯ ಹತ್ತಿರ ಸಿಕ್ಕಿಸಿದ್ದರೆ ಅದನ್ನು ಗದ್ದದಿಂದ ಒಂದು ಗೇಣಿಗೆ ತನ್ನಿ. ಖರ್ಚಿಲ್ಲದೆ ಆರು ಡೆಸಿಬೆಲ್ ಸಿಕ್ಕಿತು. ಕೋಣೆಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ, ಬೂಸ್ಟಿಗಿಂತ ಇದು ಮೇಲು ಎನ್ನುವುದು ಅದಕ್ಕೇ. ಹಾಗೆಯೇ ಆನ್‌ಲೈನ್ ಸಭೆಯ ತಂತ್ರಾಂಶಗಳು ಮೈಕಿನ ಮಟ್ಟವನ್ನು ತಾವಾಗಿಯೇ ಇಳಿಸಿ ಹಾಗೆಯೇ ಬಿಟ್ಟು ಹೋಗುವುದುಂಟು, ಮುದ್ರಿಸುವಾಗ ಅವನ್ನು ಮುಚ್ಚಿಡಿ.

ಉತ್ತರ 2

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಪ್ರಶ್ನೆಯಲ್ಲಿ ಎರಡು ಸುಳಿವುಗಳಿವೆ, ಅವನ್ನು ಬಿಟ್ಟು ಮುಂದೆ ಹೋಗಬಾರದೆಂದು ನನಗನ್ನಿಸುತ್ತದೆ. ಮೊಬೈಲಿನಲ್ಲಿ ಚೆನ್ನಾಗಿ ಬರುತ್ತದೆ ಎಂದರೆ ಮೈಕ್ ಕೆಟ್ಟಿಲ್ಲ. ಮೈಕ್ ಅಂಗಿಯ ಮೇಲಿದ್ದರೂ ಲ್ಯಾಪ್‌ಟಾಪಿನ ಫ್ಯಾನು ಅಷ್ಟು ಜೋರಾಗಿ ಕೇಳುತ್ತದೆ ಎಂದರೆ, ಕೇಳಿಸಿಕೊಳ್ಳುತ್ತಿರುವುದು ಅಂಗಿಯ ಮೈಕ್ ಹೌದೇ ಎಂಬ ಅನುಮಾನ ಬರಬೇಕು.

ದಯವಿಟ್ಟು ಒಂದು ಪರೀಕ್ಷೆ ಮಾಡಿ. ಆಡಾಸಿಟಿಯಲ್ಲಿ ಮುದ್ರಣ ಶುರುಮಾಡಿ, ಮಾತನಾಡದೆ, ಕಾಲರ್ ಮೈಕಿನ ಸ್ಪಂಜನ್ನು ಉಗುರಿನಿಂದ ಮೆಲ್ಲಗೆ ಮೂರು ಸಲ ಕೆರೆಯಿರಿ. ಆಮೇಲೆ ಲ್ಯಾಪ್‌ಟಾಪಿನ ಪರದೆಯ ಮೇಲಂಚಿನಲ್ಲಿ, ಕ್ಯಾಮೆರಾದ ಪಕ್ಕದಲ್ಲಿ, ಅಷ್ಟೇ ಮೆಲ್ಲಗೆ ಮೂರು ಸಲ ಕೆರೆಯಿರಿ. ಯಾವಾಗ ಗೆರೆ ನೆಗೆಯುತ್ತದೆಯೋ ಮುದ್ರಿಸುತ್ತಿರುವುದು ಆ ಕಡೆಯ ಮೈಕ್.

ನನ್ನ ಊಹೆ ಇದು. ನಿಮ್ಮ ಮೈಕಿನ ಪಿನ್ನನ್ನು ಕನ್ನಡಕ ಹಾಕಿಕೊಂಡು ನೋಡಿ. ಅದರ ಮೇಲೆ ಮೂರು ಕಪ್ಪು ಉಂಗುರಗಳಿದ್ದರೆ ಅದು ನಾಲ್ಕು ಭಾಗದ ಟಿಆರ್‌ಆರ್‌ಎಸ್ ಪಿನ್, ಮೊಬೈಲಿಗೆಂದು ಮಾಡಿದ್ದು. ಈಗಿನ ಮೊಬೈಲ್‌ಗಳ ಕ್ರಮದಲ್ಲಿ ಮೈಕಿನ ಸಂಕೇತ ಬರುವುದು ಬುಡದ ಭಾಗದಲ್ಲಿ. ನಿಮ್ಮ ಲ್ಯಾಪ್‌ಟಾಪಿನ ಪ್ರತ್ಯೇಕ ಮೈಕ್ ತೂತು ಸಂಕೇತವನ್ನು ನಿರೀಕ್ಷಿಸುವುದು ತುದಿಯಲ್ಲಿ. ಬುಡವನ್ನು ಅದು ಗ್ರೌಂಡ್, ಅಂದರೆ ಸಂಕೇತವಿಲ್ಲದ ಮರಳುದಾರಿ, ಎಂದು ತಿಳಿಯುತ್ತದೆ. ಹೀಗಾಗಿ ನಿಮ್ಮ ದನಿ ನೇರವಾಗಿ ಗ್ರೌಂಡಿಗೆ ಹೋಗುತ್ತದೆ, ಆಡಾಸಿಟಿ ಒಳಮೈಕಿನಿಂದಲೇ ಮುದ್ರಿಸುತ್ತಿರುತ್ತದೆ. ಬೂಸ್ಟ್ ಎಷ್ಟು ಏರಿಸಿದರೂ ಇದಕ್ಕೆ ಪರಿಹಾರವಿಲ್ಲ.

ಬೇಕಾದದ್ದು ಒಂದು ಚಿಕ್ಕ ಕವಲು ಕೇಬಲ್: ಒಂದು ಕಡೆ ನಾಲ್ಕು ಭಾಗದ ಪಿನ್ ಹಿಡಿಯುವ ತೂತು, ಇನ್ನೊಂದು ಕಡೆ ಹೆಡ್‌ಫೋನಿಗೂ ಮೈಕಿಗೂ ಬೇರೆ ಬೇರೆ ಪಿನ್. ಬೆಂಗಳೂರಿನಲ್ಲಾದರೆ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ಅಂಗಡಿಯಲ್ಲಿ ಬರೀ 'ಸ್ಪ್ಲಿಟರ್' ಎಂದು ಕೇಳಿದರೆ ಇಬ್ಬರು ಒಂದೇ ಹಾಡನ್ನು ಕೇಳುವ ಹೆಡ್‌ಫೋನ್ ಸ್ಪ್ಲಿಟರ್ ಕೊಟ್ಟು ಕಳಿಸುತ್ತಾರೆ. ನೋಡಲು ಹೆಚ್ಚುಕಡಿಮೆ ಹಾಗೆಯೇ ಇದ್ದರೂ ಅದು ನಿಮಗೆ ಉಪಯೋಗವಿಲ್ಲ. ಪಿನ್‌ಗಳ ಬುಡದಲ್ಲಿ ಹೆಡ್‌ಫೋನಿನ ಮತ್ತು ಮೈಕಿನ ಚಿತ್ರಗಳಿವೆಯೇ ಎಂದು ನೋಡಿಯೇ ಕೊಳ್ಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಉಗುರಿನ ಪರೀಕ್ಷೆ ಮಾಡಿದೆ. ಕಾಲರ್ ಮೈಕನ್ನು ಕೆರೆದಾಗ ಗೆರೆ ಅಲುಗಲೇ ಇಲ್ಲ, ಪರದೆಯ ಅಂಚನ್ನು ಮುಟ್ಟಿದ ಕೂಡಲೇ ಗೋಪುರದಂತೆ ಎದ್ದಿತು! ಎರಡು ತಿಂಗಳು ನಾನು ಅಂಗಿಗೆ ಸಿಕ್ಕಿಸಿಕೊಂಡಿದ್ದು ಒಂದು ಆಭರಣವನ್ನು ಎಂದಾಯಿತು. ಪಿನ್ನಿನಲ್ಲಿ ಮೂರು ಉಂಗುರಗಳೇ ಇವೆ. ಕವಲು ಕೇಬಲ್ ತಂದು ಜೋಡಿಸಿದರೂ ಮೊದಲು ಏನೂ ಬದಲಾಗಲಿಲ್ಲ. ಆಮೇಲೆ 'ಆಡಿಯೊ ಸೆಟಪ್'ನಲ್ಲಿ 'ರೀಸ್ಕ್ಯಾನ್ ಆಡಿಯೊ ಡಿವೈಸಸ್' ಒತ್ತಿ, 'ರೆಕಾರ್ಡಿಂಗ್ ಡಿವೈಸ್' ಪಟ್ಟಿಯಲ್ಲಿ ಹೊರಮೈಕನ್ನು ಆರಿಸಿದಾಗ ದನಿ ಬಂತು. ಈಗ ಬೂಸ್ಟ್ +10, ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ. ಜೋರಾದ ಮಾತುಗಳು -9ರ ಸುತ್ತ ನಿಲ್ಲುತ್ತಿವೆ. ಇಷ್ಟು ಸಾಕೇ? ಹಳೆಯ ಹನ್ನೊಂದು ಪಾಠಗಳನ್ನು ಉಳಿಸಿಕೊಳ್ಳಬಹುದೇ?

ಉತ್ತರ 3

ಇದೇ ಬಗೆಯ ಇನ್ನೊಂದು ತೊಂದರೆಯನ್ನು ನಾನು ಅನುಭವಿಸಿದ್ದರಿಂದ ಸೇರಿಸುತ್ತೇನೆ. ವೇದಿಕೆಯ ದೊಡ್ಡ ಮೈಕನ್ನು ಎಕ್ಸ್‌ಎಲ್‌ಆರ್ ಎಂಬ ಮೂರು ಕಡ್ಡಿಯ ದಪ್ಪ ಜೋಡಣೆಯಿಂದ ಸಣ್ಣ ಪಿನ್ನಿಗೆ ಬದಲಿಸುವ ಕೇಬಲಿನ ಮೂಲಕ ಸ್ಟೀರಿಯೊ ರೆಕಾರ್ಡರಿಗೆ ಜೋಡಿಸಿ ಗಮಕ ವಾಚನವೊಂದನ್ನು ಮುದ್ರಿಸಿದ್ದೆ. ಹೆಡ್‌ಫೋನಿನಲ್ಲಿ ಕೇಳಿಸಿತು, ತಲೆಯೊಳಗೆ ಪೊಳ್ಳಾಗಿದ್ದರೂ ಕೇಳಿಸಿತು. ಒಂದೇ ಸ್ಪೀಕರಿನ ಮೊಬೈಲಿನಲ್ಲಿ ದನಿ ಮಾಯ. ಆ ಕೇಬಲ್ ಎಡಕ್ಕೆ ಸಂಕೇತವನ್ನೂ ಬಲಕ್ಕೆ ಅದೇ ಸಂಕೇತದ ತಿರುವುಮುರುವನ್ನೂ ಕಳಿಸುತ್ತಿತ್ತು. ಮೊಬೈಲು ಎರಡನ್ನೂ ಕೂಡಿಸಿದಾಗ ಒಂದನ್ನೊಂದು ಅಳಿಸಿಹಾಕಿದವು. ಅಂಥ ಮುದ್ರಣದಲ್ಲಿ ಒಂದು ಬದಿಯನ್ನು ಬಿಸಾಡಿ ಇನ್ನೊಂದನ್ನಷ್ಟೇ ಮೋನೊ (ಒಂದೇ ವಾಹಿನಿ) ಆಗಿ ಇಟ್ಟುಕೊಂಡರೆ ದನಿ ಪೂರ್ತಿ ಮರಳುತ್ತದೆ. ಆದ್ದರಿಂದ ಮಟ್ಟ ಏರಿಸುವ ಮೊದಲು ಮೊಬೈಲಿನಲ್ಲೂ ಕೇಳಿ ನೋಡುವುದು ಒಳ್ಳೆಯದು.

ಉತ್ತರ 2 ಬರೆದವರು

ಸರ್, -9 ಬೇಕಾದಷ್ಟಾಯಿತು. ಅತಿ ಜೋರಾದ ಮಾತು -12ರಿಂದ -6ರ ನಡುವೆ ಇದ್ದರೆ ಸಾಕು. ಸೊನ್ನೆ ಮುಟ್ಟಿ ತಲೆ ಕತ್ತರಿಸಿದ ಅಲೆಯನ್ನು ಸರಿಪಡಿಸುವುದು ಕಷ್ಟ. ಉಳಿದ ಏರಿಕೆಯನ್ನು ಕೊನೆಯಲ್ಲಿ, ಇಡೀ ಮುದ್ರಣವನ್ನು ಬೇಕಾದ ಮಟ್ಟಕ್ಕೆ ತರುವ 'ಲೌಡ್‌ನೆಸ್ ನಾರ್ಮಲೈಸೇಶನ್'ಗೆ ಬಿಡಿ. ಅಳತೆಗೆ ಒಂದು ಆಧಾರ ಬೇಕಿದ್ದರೆ, ಎಸಿಎಕ್ಸ್ ಎಂಬ ಶ್ರವ್ಯಪುಸ್ತಕ ವೇದಿಕೆಯು ಸರಾಸರಿ ಮಟ್ಟ -23 ಮತ್ತು -18ರ ನಡುವೆ ಇರಬೇಕು, ಮೌನದ ಸದ್ದು -60ಕ್ಕಿಂತ ಕೆಳಗಿರಬೇಕು ಎನ್ನುತ್ತದೆ. ಮೊದಲನೆಯದು ನಿಮಗೆ ಸುಲಭ, ಎರಡನೆಯದಕ್ಕೆ ಪಕ್ಕದ ಮನೆಯ ಕುಕ್ಕರ್ ಸಹಕರಿಸಬೇಕು.

ಹಳೆಯ ಪಾಠಗಳ ವಿಷಯ. ಒಂದನ್ನು ಪ್ರಯೋಗಕ್ಕೆ ತೆಗೆದುಕೊಂಡು, ನೀವು ಮಾತನಾಡದ ಎರಡು ಮೂರು ಸೆಕೆಂಡುಗಳನ್ನು ಆರಿಸಿ 'ನಾಯ್ಸ್ ರಿಡಕ್ಷನ್'ಗೆ ಮಾದರಿ ಕೊಡಿ, 12 ಡೆಸಿಬೆಲ್ ಇಳಿಸಿ, ಅನಂತರ ಮಟ್ಟ ಏರಿಸಿ. ಈ ಕ್ರಮ ತಪ್ಪಬಾರದು. ಫ್ಯಾನಿನಂತೆ ಒಂದೇ ಸಮನೆ ಇರುವ ಸದ್ದು ಇದರಿಂದ ಕಡಿಮೆಯಾಗುತ್ತದೆ, ಆಟೋ ಮತ್ತು ಸೀಟಿ ಹೋಗುವುದಿಲ್ಲ. ಹೆಚ್ಚು ಇಳಿಸಿದರೆ ದನಿ ನೀರಿನೊಳಗಿಂದ ಬಂದಂತಾಗುತ್ತದೆ. ಪರದೆ ಓದುವ ತಂತ್ರಾಂಶಕ್ಕೆ ಒಗ್ಗಿದ ವಿದ್ಯಾರ್ಥಿಗಳು ಪಾಠವನ್ನು ಒಂದೂವರೆ ವೇಗದಲ್ಲಿ ಕೇಳುವುದುಂಟು, ಆ ವೇಗದಲ್ಲಿ ಇಂಥ ಕಲೆಗಳು ಇನ್ನಷ್ಟು ಕಿವಿಗೆ ಬೀಳುತ್ತವೆ. ಪ್ರಯೋಗದ ಪಾಠವನ್ನು ಒಬ್ಬ ವಿದ್ಯಾರ್ಥಿಗೆ ಕಳಿಸಿ ಕೇಳಿಸಿ. ಗದ್ಯಪಾಠಗಳು ಪಾಸಾಗಬಹುದು. ಹಳಗನ್ನಡದ ಪದ್ಯಗಳಲ್ಲಿ ಒಂದೊಂದು ಅಕ್ಷರವೂ ಕೇಳಬೇಕಾದ್ದರಿಂದ, ಅವನ್ನು ಮಾತ್ರ ಮತ್ತೆ ಓದಿಬಿಡಿ ಎಂದೇ ನನ್ನ ಸಲಹೆ.