ಎರಡೂ ಕಡೆಗೆ ಸಮ ಸಮಯ ಕೊಟ್ಟರೆ ವರದಿ ಸಮತೋಲನದ್ದೇ?

ಪ್ರಶ್ನೆ (ವಿಜಯಪುರ)
ಅಮೆರಿಕದ ಎನ್‌ಪಿಆರ್ ರೇಡಿಯೋದ ರಾಜಕೀಯ ವರದಿಗಳಲ್ಲಿ ಹುಸಿ ಸಮತೋಲನ (ನಿಜ ಒಂದೇ ಕಡೆ ಇದ್ದರೂ ಎರಡೂ ಕಡೆಯನ್ನು ಸಮವಾಗಿ ತೋರಿಸುವುದು) ಗುರುತಿಸುವ ಅಭ್ಯಾಸ ನಮ್ಮ ಪತ್ರಿಕೋದ್ಯಮ ತರಗತಿಯಲ್ಲಿದೆ. ಯಾರಿಗೆ ಎಷ್ಟು ಸೆಕೆಂಡ್ ಸಿಕ್ಕಿತು ಅಂತ ಅಳೆದರೆ ಸಾಕೇ? ಸಮ ಸಮಯ ಕೊಡಲೇಬೇಕೆಂಬ ಕಾನೂನು ಅಲ್ಲಿದೆಯಂತೆ, ನಿಜವೇ?

ಉತ್ತರ 1 (ಬಾಗಲಕೋಟೆ)
ಬರೇ ಸೆಕೆಂಡ್ ಅಳದ್ರ ಸಾಲಂಗಿಲ್ರಿ. ಮೊದಲ ವರದಿ ಪೂರಾ ಬರ್ಕೊಳ್ರಿ. ಪರೀಕ್ಷಿಸಿ ನೋಡಬಹುದಾದ ಮಾತಿಗೆ ಒಂದು ಬಣ್ಣ, ಅಭಿಪ್ರಾಯಕ್ಕ ಇನ್ನೊಂದು. ಆಲಮಟ್ಟಿ ಎತ್ತರ 519.60ರಿಂದ 524.256 ಮೀಟರಿಗೆ ಏರಿಸಬೇಕೋ ಬ್ಯಾಡೋ ಅನ್ನೂದು ವಾದ, ಎರಡೂ ಕಡೆಯವರನ್ನ ಕೇಳಬೇಕು. ಇವತ್ತ ಮುಂಜಾನೆ ನೀರು ಎಷ್ಟಿತ್ತು ಅನ್ನೂದು ಅಳತಿ. ಅದಕ್ಕೂ ಇಬ್ಬರ ಅಭಿಪ್ರಾಯ ಹಾಕಿದ್ರ ಕೇಳುಗರಿಗೆ ಮೋಸ. ಆಮ್ಯಾಲ ಆ ಅಳತಿಯನ್ನ ನಿರೂಪಕರು ತಮ್ಮ ಬಾಯಿಂದ ಹೇಳ್ಯಾರೋ, ‘ವಿರೋಧಿಗಳು ಹೇಳ್ತಾರ’ ಅಂತ ದಾಟಿಸ್ಯಾರೋ ನೋಡ್ರಿ. ಕಡೀ ಬೈಟ್ (ಧ್ವನಿ ತುಣುಕು) ಯಾರದು ಅನ್ನೂದನ್ನೂ ಬರ್ಕೊಳ್ರಿ, ಕೇಳುಗರ ಕಿವ್ಯಾಗ ಉಳಿಯೂದು ಅದ.

ಉತ್ತರ 2 (ಬೆಳಗಾವಿ)
ಕಾನೂನಿನ ವಿಷಯ: ಸಮ ಸಮಯದ ಬಗ್ಗೆ ಹೇಳುವ, 1934ರ ಸಂವಹನ ಕಾಯ್ದೆಯ 315ನೇ ಸೆಕ್ಷನ್ ಚುನಾವಣಾ ಅಭ್ಯರ್ಥಿಗಳಿಗೆ ಮಾತ್ರ ಅನ್ವಯ. ಸುದ್ದಿ ವರದಿಗೆ 1959ರಿಂದಲೇ ವಿನಾಯಿತಿ ಇದೆ. ವಿವಾದದ ಬೇರೆ ಬೇರೆ ನಿಲುವುಗಳನ್ನು ಪ್ರಸಾರ ಮಾಡಬೇಕೆಂಬ 1949ರ ನಿಯಮವೂ 1987ರಲ್ಲಿ ರದ್ದಾಯಿತು. ಆದ್ದರಿಂದ ಕಾನೂನಿನ ನೆಪ ಇಲ್ಲ. ಹುಸಿ ಸಮತೋಲನಕ್ಕೆ ಪಕ್ಷಪಾತದ ಆರೋಪ ಬಂದೀತೆಂಬ ಅಂಜಿಕೆಯೇ ದೊಡ್ಡ ಕಾರಣ.

ಅಭ್ಯಾಸಕ್ಕೆ 2013ರ ಅಕ್ಟೋಬರ್ ತೆಗೆದುಕೊಳ್ಳಿ. ಖರ್ಚಿಗೆ ಮಂಜೂರಾತಿ ಸಿಗದೆ ಅಮೆರಿಕ ಸರ್ಕಾರದ ಬಹಳಷ್ಟು ಕೆಲಸ 16 ದಿನ ಸ್ಥಗಿತವಾಗಿತ್ತು. ‘ಎರಡೂ ಪಕ್ಷಗಳ ಹಟ’ ಎಂದು ಬರೆದರೆ ಘಟನೆಯ ಕ್ರಮವೇ ಅಳಿಸಿಹೋಗುತ್ತದೆ. ಕೆಳಮನೆಯ ರಿಪಬ್ಲಿಕನ್ ಬಹುಮತ, ಖರ್ಚಿನ ಮಸೂದೆಗೆ 2010ರ ಆರೋಗ್ಯ ಕಾನೂನನ್ನು ತಡೆಯುವ ಷರತ್ತು ಜೋಡಿಸಿತು, ಮೇಲ್ಮನೆಯಾದ ಸೆನೆಟ್ ಒಪ್ಪಲಿಲ್ಲ. ಆ ಷರತ್ತು ಸರಿಯೋ ತಪ್ಪೋ ಎಂಬ ಚರ್ಚೆ ಇದಾದ ಮೇಲೆ ಬರಬೇಕು. ಯಾರು, ಏನು, ಯಾವಾಗ ಮಾಡಿದರು ಎಂಬುದು ಮೊದಲ 2 ವಾಕ್ಯದಲ್ಲಿ ಇಲ್ಲದಿದ್ದರೆ ಗುರುತು ಹಾಕಿ.

ಪ್ರಶ್ನೆ ಕೇಳಿದವರು
ಸುಳ್ಳು ಮಾತನ್ನು ‘ಸುಳ್ಳು’ ಅಂತ ಬರೆಯಬಹುದೇ ಮೇಡಂ? ನೇರ ಸಂದರ್ಶನದಲ್ಲಿ ಏನು ಮಾಡೋದು?

ಉತ್ತರ 2
2017ರ ಜನವರಿಯಲ್ಲಿ ಟ್ರಂಪ್ ಮಾತುಗಳ ಬಗ್ಗೆ ಎನ್‌ಪಿಆರ್‌ನಲ್ಲಿ ಇದೇ ಚರ್ಚೆ ಎದ್ದಿತ್ತು. ಮೋಸದ ಉದ್ದೇಶ ಗೊತ್ತಾಗದೆ ‘ಸುಳ್ಳು ಹೇಳಿದರು’ ಎನ್ನುವುದಿಲ್ಲ ಎಂಬುದು ಅವರ ನಿಲುವು. ಕನ್ನಡದಲ್ಲಿ ‘ಸುಳ್ಳು’ ಎಂಬುದು ನಿಜವಲ್ಲದ ಮಾತು, ಬೇಕೆಂದೇ ಮಾಡಿದ ಮೋಸ ಎಂಬ ಎರಡೂ ಅರ್ಥಕ್ಕೆ ಬರುವುದರಿಂದ ಇನ್ನೂ ಎಚ್ಚರ ಬೇಕು. ಉದ್ದೇಶ ತಿಳಿಯದಿದ್ದರೆ ‘ಇದು ನಿಜವಲ್ಲ’ ಎಂದು ಬರೆದು, ಅದೇ ಉಸಿರಿನಲ್ಲಿ ದಾಖಲೆ ಕೊಡಿ. ‘ಇದು ವಿವಾದಿತ’ ಎಂದು ಮಾತ್ರ ಬರೆಯಬೇಡಿ, ಕೇಳುಗರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ನೇರ ಸಂದರ್ಶನದಲ್ಲಿ 4 ನಿಮಿಷದೊಳಗೆ ಐದಾರು ತಪ್ಪು ಮಾತು ಬಂದರೆ ಎಲ್ಲವನ್ನೂ ತಿದ್ದಲಾಗದು. ಮೊದಲೇ ಧ್ವನಿಮುದ್ರಿಸಿ, ಪ್ರತಿ ತಪ್ಪು ಮಾತಿನ ಬೆನ್ನಿಗೇ ತಿದ್ದುಪಡಿ ಸೇರಿಸಬೇಕು. ಕಾರ್ಯಕ್ರಮ ಮುಗಿದ ಮೇಲೆ ತಿದ್ದಿದರೆ, ನಡುವೆಯೇ ರೇಡಿಯೋ ಬಂದ್ ಮಾಡಿದವರಿಗೆ ಅದು ತಲುಪುವುದೇ ಇಲ್ಲ.